ಆರ್‌ಡಿ ಕಟ್ಟಿ ಬ್ರೂಸ್ ಲೀ ನೋಡಿ ಬಂದೆವು

ಸಾಲ ಮಾಡದೆ, ಟೂರ್ ಪ್ಯಾಕೇಜ್ ತಗೊಳ್ಳದೆ, ಬಂಗಾರಪೇಟೆ ಕಡೆಯ ಹತ್ತು ಹನ್ನೆರಡು ಜನ ಕರಾಟೆ ಹುಡುಗರನ್ನು ಹಾಂಗ್‌ಕಾಂಗಿಗೆ ಕರೆದುಕೊಂಡು ಹೋಗಿ ಬಂದಿದ್ದೇನೆ. "ತಿರುಪತಿಗೆ ಹೋಗೋಕೇ ಕೈಸಾಲ ಮಾಡೋರು" ಅಂತ ನಕ್ಕವರು ಓದಲಿ ಅಂತಲೇ ಇದನ್ನು ಬರೀತಿದ್ದೇನೆ.

ಮೊದಲ ಜಗಳ ಎಲ್ಲಿಗೆ ಹೋಗೋದು ಅಂತ. ನಮ್ಮ ಹುಡುಗರು ಆರಾಧಿಸುವ ಕುಂಗ್‌ಫು ಸಿನಿಮಾ ನಟ ಬ್ರೂಸ್ ಲೀ ಸಮಾಧಿ ಇರುವುದು ಅಮೆರಿಕದ ಸಿಯಾಟಲ್‌ನಲ್ಲಿ, ಮಗ ಬ್ರ್ಯಾಂಡನ್ ಪಕ್ಕದಲ್ಲಿ. ಸಮಾಧಿಗೆ ಕೈ ಮುಗಿಯದೆ ಅದೆಂಥ ಯಾತ್ರೆ ಅಂದರು ಹಿರಿಯರು. ವೀಸಾ ಖರ್ಚು, ಸಂದರ್ಶನ ಅಂದ ತಕ್ಷಣ ಸುಮ್ಮನಾದರು. ಹಾಂಗ್‌ಕಾಂಗಿಗೆ ಆ ತಲೆನೋವಿಲ್ಲ. ಆನ್‌ಲೈನಿನಲ್ಲಿ ಮುಂಚಿತ ನೋಂದಣಿ ಮಾಡಿಕೊಂಡರೆ 14 ದಿನ ಇರಬಹುದು, ಶುಲ್ಕವೂ ಇಲ್ಲ. ಲೀ ಬೆಳೆದದ್ದು, 1973ರಲ್ಲಿ ತೀರಿಕೊಂಡದ್ದು ಅಲ್ಲೇ ಅಲ್ವಾ?

ದುಡ್ಡಿನ ವಿಷಯಕ್ಕೆ ಬರೋಣ. ಶುರುವಿಗೆ ಎಲ್ಲರೂ ಸೇರಿ ಚೀಟಿ ಹಾಕಿದರು. ಒಬ್ಬ ತಂಗಿ ಮದುವೆಗೆ ಎತ್ತಿದ, ಇನ್ನೊಬ್ಬ ಬೋರ್‌ವೆಲ್‌ಗೆ. ವಿಮಾನ ಯಾರೂ ಹತ್ತಲಿಲ್ಲ. ಆಮೇಲೆ ಒಬ್ಬ ಏಜೆಂಟ್ ಸಿಕ್ಕ. ತಲೆಗೆ ಲಕ್ಷದ ಹತ್ತಿರ ಹೇಳಿದ. ಪಟ್ಟಿ ನೋಡಿದರೆ ಡಿಸ್ನಿಲ್ಯಾಂಡ್, ಮಕಾವ್, ಒಡವೆ ಅಂಗಡಿ. ಬ್ರೂಸ್ ಲೀ ಪ್ರತಿಮೆಗೆ ಅರ್ಧ ಗಂಟೆ! ಮುಂಗಡ ವಾಪಸ್ ಪಡೆಯುವಷ್ಟರಲ್ಲಿ ಚಪ್ಪಲಿ ಸವೆಯಿತು. ತಲೆಗೆ ಎರಡು ಸಾವಿರ ಹೋಗೇ ಹೋಯಿತು.

ಕೊನೆಗೆ ನಾನು ಹೇಳಿದ ದಾರಿ ಇದು. ಕೈಗೆ ಕೈ ದುಡ್ಡು ಬೇಡ. ಅವರವರ ಹೆಸರಲ್ಲೇ ಬ್ಯಾಂಕಿನಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ತಿಂಗಳಿಗೆ ಎರಡೂವರೆ ಸಾವಿರ. ಪಾಸ್‌ಬುಕ್, ಪಾಸ್‌ಪೋರ್ಟ್ ಎರಡೂ ನನ್ನ ಬೀರುವಿನಲ್ಲಿ. ಟೊಮೆಟೊ ಬೆಳೆಯುವ ಹುಡುಗ ಮಾತ್ರ ತಿಂಗಳ ಲೆಕ್ಕಕ್ಕೆ ಸಿಗಲಿಲ್ಲ. ಕೋಲಾರ ಮಂಡಿಯಲ್ಲಿ ರೇಟು ಬಿದ್ದಾಗ ಅವನಿಗೆ ಕೊಯ್ಲಿನ ಕೂಲಿಯೂ ಗಿಟ್ಟುವುದಿಲ್ಲ. ರೇಟು ಸಿಕ್ಕಿದ ವರ್ಷ ಒಂದೇ ಏಟಿಗೆ ಕಟ್ಟಿ ನಮ್ಮನ್ನೆಲ್ಲ ಹಿಂದೆ ಹಾಕಿದ. ಎರಡು ವರ್ಷದ ಮೇಲೆ ಸ್ವಲ್ಪ ದಿನಕ್ಕೆ ಎಲ್ಲರದ್ದೂ ಎಪ್ಪತ್ತು ಸಾವಿರ ದಾಟಿತು.

ತಾರೀಖು ಆರಿಸುವುದರಲ್ಲೇ ಅರ್ಧ ದುಡ್ಡು ಉಳಿಯುತ್ತದೆ. ಲೀ ಪುಣ್ಯತಿಥಿ ಜುಲೈ 20. ಅಲ್ಲಿ ಆಗ ಸೆಕೆ, ಮಳೆ, ಚಂಡಮಾರುತದ ಕಾಲ. 8ನೇ ನಂಬರಿನ ಎಚ್ಚರಿಕೆ ಹಾರಿಸಿದರೆ ಊರೇ ಬಾಗಿಲು ಹಾಕುತ್ತದೆ. ನಾವು ಹುಟ್ಟುಹಬ್ಬ ಹಿಡಿದೆವು, ನವೆಂಬರ್ 27. ಹವೆ ನಂದಿಬೆಟ್ಟದ ಬೆಳಗಿನ ಹಾಗೆ. ಟಿಕೆಟ್ ಹೋಗಿ ಬರಲು ಮೂವತ್ತು ಸಾವಿರದ ಆಚೀಚೆ ಬಿತ್ತು. ಎಲ್ಲರಿಗೂ ಒಟ್ಟಿಗೆ ಬುಕ್ ಮಾಡಬೇಡಿ. ಕಡಿಮೆ ದರದ ಸೀಟು ನಾಲ್ಕೇ ಇದ್ದರೆ ಹನ್ನೆರಡೂ ಸೀಟಿಗೆ ಮೇಲಿನ ದರ ತೋರಿಸುತ್ತದೆ. ಇಬ್ಬಿಬ್ಬರಂತೆ ಮಾಡಿ. ಯಾವ ವಾರ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ನೋಂದಣಿಯಲ್ಲಿ ನಮ್ಮ ಇನಿಷಿಯಲ್ ಕಾಟ ಕೊಡುತ್ತದೆ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ತುಂಬಬೇಕು. ಪ್ರಿಂಟ್ ತೆಗೆದು ಸಹಿ ಹಾಕಿ ಇಟ್ಟುಕೊಳ್ಳಬೇಕು.

ನಂಚಾಕು, ಅಂದರೆ ಸರಪಳಿಯಿಂದ ಜೋಡಿಸಿದ ಎರಡು ಕೋಲಿನ ಆಯುಧ, ಮನೆಯಲ್ಲೇ ಬಿಡಿಸಿದೆ. ಒಬ್ಬ ವಿಮಾನ ನಿಲ್ದಾಣದವರೆಗೂ ಮುಖ ಊದಿಸಿಕೊಂಡಿದ್ದ. ಕ್ಯಾಬಿನ್ ಬ್ಯಾಗಿನಲ್ಲಿ ಅದನ್ನು ಬಿಡುವುದೇ ಇಲ್ಲ.

ಲೀ ಪ್ರತಿಮೆಗೆ ಹಾಕಲು ಒಯ್ಯುವ ಹಾರದ ಮೇಲೂ ಪ್ರಯೋಗ ನಡೆಯಿತು. ಚಿಕ್ಕಬಳ್ಳಾಪುರದ ಸೇವಂತಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಇಟ್ಟು ನೋಡಿದೆ, ಕಪ್ಪಾಯಿತು. ಕೊನೆಗೆ ಹಾವೇರಿಯ ಏಲಕ್ಕಿ ಹಾರ ತರಿಸಿದೆ. ಹಗುರ, ಬಾಡುವುದಿಲ್ಲ, ಬ್ಯಾಗೆಲ್ಲ ಘಮಘಮ. ಹೂವು ಅಲ್ಲಿನ ಮಾಂಗ್‌ಕಾಕ್ ಹೂವಿನ ಪೇಟೆಯಲ್ಲೇ ಕೊಂಡೆವು.

ಉಳಿದದ್ದು ನೇಥನ್ ರಸ್ತೆಯ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನಲ್ಲಿ. ರೂಮು ಬಚ್ಚಲಿಗಿಂತ ಸ್ವಲ್ಪ ದೊಡ್ಡದು, ಲಿಫ್ಟಿಗೆ ಸಾಲು. ಆದರೆ ಕೆಳಗೇ ಚಪಾತಿ, ದಾಲ್ ಸಿಗುತ್ತದೆ, ಪ್ರತಿಮೆಗೆ ನಡೆದೇ ಹೋಗಬಹುದು. ಶಾ ಟಿನ್‌ನ ಹೆರಿಟೇಜ್ ಮ್ಯೂಸಿಯಂನಲ್ಲಿ ಲೀ ಪ್ರದರ್ಶನ ನೋಡಿದೆವು. ಮಂಗಳವಾರ ರಜೆ, ನೆನಪಿರಲಿ. ಅವರು ಇದ್ದ ಕೌಲೂನ್ ಟಾಂಗ್ ಮನೆ ಹುಡುಕಬೇಡಿ, 2019ರಲ್ಲೇ ಕೆಡವಿದ್ದಾರೆ.

27ರ ಬೆಳಿಗ್ಗೆ ಬೇಗ ಹೋದೆವು. ಸಮುದ್ರದ ದಂಡೆಯಲ್ಲಿ ಕಂಚಿನ ಲೀ. ಕೊರಳಿಗೆ ಎಟುಕುವುದಿಲ್ಲ, ಏಲಕ್ಕಿ ಹಾರವನ್ನು ಕಾಲ ಬಳಿ ಇಟ್ಟೆವು. ಎಲ್ಲರೂ ಸಾಲಾಗಿ ನಿಂತು ಕಟಾ, ಅಂದರೆ ಕರಾಟೆಯ ವರಸೆ, ಮಾಡಿದರು. ಸುತ್ತ ಜನ ಸೇರಿದರು, ಫೋನು ಎತ್ತಿದರು.

ಎಲ್ಲ ಸೇರಿ ತಲೆಗೆ ಅರವತ್ತೈದು ಸಾವಿರದ ಸುಮಾರು. ಈಗ ನಕ್ಕವರೇ ಸಿಯಾಟಲ್‌ಗೆ ನಮ್ಮನ್ನೂ ಸೇರಿಸ್ಕೊಳ್ಳಿ ಅಂತಿದ್ದಾರೆ. ಯುಗಾದಿಯಿಂದ ಆರ್‌ಡಿ ಶುರು, ಈ ಸಲ ತಿಂಗಳಿಗೆ ಐದು ಸಾವಿರ. ಪಾಸ್‌ಬುಕ್ ಮಾತ್ರ ನನ್ನ ಬೀರುವಿಗೇ ಬರಬೇಕು.