ದಾಳಿ ಮಾಡಿದ ಐಪಿ ವಿಳಾಸದ ಮೇಲೆ ದೂರು: ನೋಂದಣಿ ಸಂಸ್ಥೆಯನ್ನು ಕೇಳಬೇಕಾದದ್ದೇನು, ಕೇಳಬಾರದದ್ದೇನು

ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಅಡಿಕೆ ಸಹಕಾರ ಸಂಘವೊಂದರ ಸರ್ವರ್ ನೋಡಿಕೊಳ್ಳುವವರು ಅದರ ಲಾಗ್ (ಯಾರು ಬಂದುಹೋದರೆಂಬ ದಾಖಲೆ) ತೆರೆದರೆ, ಎಲ್ಲಿಯದೋ ಐಪಿ ವಿಳಾಸವೊಂದು (ಅಂತರ್ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ರಾತ್ರಿಯಿಡೀ ಪಾಸ್‌ವರ್ಡ್ ಊಹಿಸುತ್ತ ಬಾಗಿಲು ತಟ್ಟಿರುವುದು ಕಾಣಿಸೀತು. ಅದನ್ನು ಫೈರ್‌ವಾಲ್‌ನಲ್ಲಿ ತಡೆದು ಸುಮ್ಮನಾಗುವವರೇ ಹೆಚ್ಚು. ದೂರು ಕೊಡುವುದಾದರೆ ಸರಿಯಾಗಿ ಕೊಡಬೇಕು.

ಮೊದಲು ಗಡಿಯಾರ ನೋಡಿಕೊಳ್ಳಿ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿಬರುವ ನಮ್ಮ ಕಡೆ, ಬ್ಯಾಟರಿ ಸತ್ತ ಹಳೆಯ ಯಂತ್ರದ ಸಮಯ ಎಲ್ಲಿಗೋ ಜಾರಿರುತ್ತದೆ. ಒಂದೇ ಐಪಿಯನ್ನು ನೂರಾರು ಗ್ರಾಹಕರಿಗೆ ಹಂಚುವ ಕಂಪನಿಗೆ ನಿಖರ ಸಮಯ ಮತ್ತು ಪೋರ್ಟ್ ಸಂಖ್ಯೆ (ಆ ಸಂಪರ್ಕ ಬಳಸಿದ ಬಾಗಿಲಿನ ಸಂಖ್ಯೆ) ಇಲ್ಲದ ದೂರು ಕಸಕ್ಕೆ ಸಮ. ಲಾಗ್ ಇರುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲೋ, ಅದಕ್ಕಿಂತ ಐದೂವರೆ ಗಂಟೆ ಮುಂದಿರುವ ನಮ್ಮ ಸಮಯದಲ್ಲೋ ಎಂಬುದನ್ನೂ ಬರೆಯಿರಿ. ಯುಡಿಪಿ ಪ್ರವಾಹದ ದಾಳಿಯಾಗಿದ್ದರೆ (ಉತ್ತರಕ್ಕೆ ಕಾಯದೆ ದತ್ತಾಂಶದ ತುಣುಕುಗಳನ್ನು ಸುರಿಯುವುದು) ಮೂಲ ವಿಳಾಸವೇ ನಕಲಿಯಿರಬಹುದಾದ್ದರಿಂದ, ಅದರ ಮೇಲೆ ದೂರು ಕೊಡುವ ಮುನ್ನ ಎರಡು ಸಲ ಯೋಚಿಸಿ.

ಬಳಿಕ ಆ ವಿಳಾಸವನ್ನು, ಅದು ಯಾರ ಹೆಸರಲ್ಲಿದೆ ಎಂದು ತೋರಿಸುವ ಸಾರ್ವಜನಿಕ ದಾಖಲೆಯಾದ ಹೂಈಸ್‌ನಲ್ಲಿ ಹುಡುಕಿ. ಜಗತ್ತಿನ ಐಪಿ ವಿಳಾಸಗಳನ್ನು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಹಂಚುತ್ತವೆ. ನಮ್ಮ ಪ್ರದೇಶದ್ದು ಬ್ರಿಸ್ಬೇನ್‌ನ ಏಪ್‌ನಿಕ್, ಅದರಡಿ ಭಾರತಕ್ಕೆ ಇಂಟರ್ನೆಟ್ ವಿನಿಮಯ ಸಂಸ್ಥೆ ನಿಕ್ಸಿ ನಡೆಸುವ ಐಆರ್‌ಐಎನ್‌ಎನ್. ದಾಖಲೆಯಲ್ಲಿ ಅಬ್ಯೂಸ್ (ದುರ್ಬಳಕೆ) ದೂರಿಗೆಂದೇ ಇರುವ ಮಿಂಚಂಚೆಗೆ ಹತ್ತಿಪ್ಪತ್ತು ಸಾಲು ಲಾಗ್ ಅಂಟಿಸಿ, ಬೈಗುಳವಿಲ್ಲದೆ ಬರೆಯಿರಿ. ಒಳನುಗ್ಗಿದ್ದೇ ಆಗಿದ್ದರೆ ದಾರಿ ಬೇರೆ: 2022ರ ಏಪ್ರಿಲ್‌ನ ನಿರ್ದೇಶನದ ಪ್ರಕಾರ ಸಂಸ್ಥೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ಭದ್ರತೆಯ ಸರಕಾರಿ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಉತ್ತರ ಬಾರದಾಗ ‘ಇವರ ವಿಳಾಸವನ್ನೇ ಕಿತ್ತುಕೊಳ್ಳಿ’ ಎಂದು ನೋಂದಣಿ ಸಂಸ್ಥೆಗೆ ಬರೆಯುವ ಮನಸ್ಸಾಗುತ್ತದೆ. ಪಹಣಿಯನ್ನು ನೆನೆಯಿರಿ: ತೋಟದಲ್ಲಿ ಕಳ್ಳಭಟ್ಟಿ ಕಾಯಿಸಿದನೆಂದು ತಹಶೀಲ್ದಾರರು ಪಹಣಿಯಿಂದ ಹೆಸರು ತೆಗೆಯುವುದಿಲ್ಲ, ಅದು ಪೊಲೀಸರ ಕೆಲಸ, ಆದರೆ ಸುಳ್ಳು ಕಾಗದ ಕೊಟ್ಟು ಖಾತೆ ಮಾಡಿಸಿಕೊಂಡಿದ್ದರೆ ಕಂದಾಯ ಇಲಾಖೆ ಕೈಕಟ್ಟಿ ಕೂರುವಂತಿಲ್ಲ. ನನ್ನ ಮಟ್ಟಿಗೆ ನೋಂದಣಿ ಸಂಸ್ಥೆಯ ಗೆರೆಯೂ ಅಲ್ಲೇ ಇದೆ. ಸ್ಪ್ಯಾಮ್ ಯಾವುದು, ಅಪರಾಧ ಯಾವುದು ಎಂದು ಅದು ತೀರ್ಪು ಕೊಡತೊಡಗಿದರೆ, ಒಬ್ಬ ಗ್ರಾಹಕನ ತಪ್ಪಿಗೆ ಒಟ್ಟಿಗೆ ಹಂಚಿದ ವಿಳಾಸಗಳ ಆ ಬ್ಲಾಕ್‌ನಲ್ಲಿರುವ ಆಸ್ಪತ್ರೆ, ಶಾಲೆಗಳೂ ಕತ್ತಲಾಗುತ್ತವೆ. ಹಿಂಪಡೆಯುವುದು ಸುಲಭವೂ ಅಲ್ಲ: ಆಫ್ರಿಕದ ನೋಂದಣಿ ಸಂಸ್ಥೆ ಆಫ್ರಿನಿಕ್ ಒಂದು ಕಂಪನಿಯ ವಿಳಾಸಗಳನ್ನು ಹಿಂಪಡೆಯಲು ಹೊರಟು ವ್ಯಾಜ್ಯಕ್ಕೆ ಸಿಲುಕಿದಾಗ, 2021ರಲ್ಲಿ ಮಾರಿಷಸ್‌ನ ನ್ಯಾಯಾಲಯದ ಆದೇಶದಿಂದ ಅದರ ಬ್ಯಾಂಕ್ ಖಾತೆಗಳೇ ಸ್ಥಗಿತಗೊಂಡವು. ಪರರ ಬ್ಲಾಕನ್ನು ತನ್ನದೆಂದು ಘೋಷಿಸಿ ದಟ್ಟಣೆಯನ್ನು ತನ್ನತ್ತ ತಿರುಗಿಸುವುದು ಮಾತ್ರ ಬೇಲಿ ಸರಿಸಿದಂತೆ. ಅದನ್ನು ನೀತಿಭಂಗವೆಂದು ಸಾರುವ ಪ್ರಸ್ತಾಪ 2019ರಲ್ಲಿ ಯುರೋಪಿನ ನೋಂದಣಿ ಸಂಸ್ಥೆ ರೈಪ್‌ನಲ್ಲಿ ಬಂದು, ಒಮ್ಮತ ಸಿಗದೆ ಹಿಂದಕ್ಕೆ ಹೋದದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಹಾಗಾಗಿ ಏಪ್‌ನಿಕ್‌ಗೆ ಬರೆಯುವಾಗ ದಾಳಿಯ ಕಥೆ ಬಿಡಿ, ದಾಖಲೆಯ ದೋಷ ಹಿಡಿಯಿರಿ. ಅಬ್ಯೂಸ್ ವಿಳಾಸಗಳು ಜೀವಂತವಾಗಿವೆಯೇ ಎಂದು ಅದು ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತದೆ, ಉತ್ತರಿಸದವರ ಸಂಪರ್ಕವನ್ನು ಅಮಾನ್ಯವೆಂದು ಗುರುತಿಸುತ್ತದೆ. ನಿಮ್ಮ ಪತ್ರ ಪುಟಿದು ವಾಪಸು ಬಂದಿದ್ದರೆ ಆ ವಾಪಸಾತಿಯ ಸಂದೇಶವನ್ನು ಅಳಿಸದೆ, ಅಮಾನ್ಯ ಸಂಪರ್ಕ ವರದಿ ಮಾಡುವ ನಮೂನೆಯೊಂದಿಗೆ ಕಳುಹಿಸಿ.