ಮೂರನೇ ಸಾಲಿನಿಂದ ಶುರುಮಾಡಿ ಗಾಡಿ ಆರಿಸಿದ ನನ್ನ ಅನುಭವ

ಏಳು ಜನರ ಮನೆಗೆ ಗಾಡಿ ಕೊಳ್ಳುವಾಗ ಮೂರನೇ ಸಾಲಿನ ಸೀಟಿನಿಂದ ಶುರುಮಾಡಬೇಕು. ಅದನ್ನೂ ಶೋರೂಮಿನ ನೆಲದ ಮೇಲೆ ನೋಡಿದರೆ ಸಾಲದು. ಅದೇ ಮಾದರಿಯ ಹಳದಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಹಿಡಿದು, ಮನೆಮಂದಿಯನ್ನೆಲ್ಲ ಕೂಡಿಸಿಕೊಂಡು ಘಟ್ಟ ಇಳಿದು ಹತ್ತಿ ಬಂದ ಮೇಲೆಯೇ ಮುಂಗಡ ಕೊಡಬೇಕು. ಈ ಮಾತನ್ನು ಹೇಳಿದಾಗ ಹುಬ್ಬಳ್ಳಿಯ ನಮ್ಮ ಓಣಿಯಲ್ಲಾಗಲಿ ಗದಗದ ನೆಂಟರಲ್ಲಾಗಲಿ ಒಪ್ಪಿದವರು ಯಾರೂ ಇರಲಿಲ್ಲ. "ಗಾಡೀನ ಹಿಂದಿಂದ ಯಾರ್ ನೋಡ್ತಾರೋ ತಮ್ಮಾ, ಮೊದಲ ಎಂಜಿನ್ ನೋಡು, ಆಮ್ಯಾಲೆ ಮಾರಿದ್ರ ಎಷ್ಟ್ ಬರ್ತೈತಿ ಅದನ್ನ ನೋಡು" ಎಂದರು ಗದಗದ ಕಾಕಾ. ಕೊಳ್ಳುವ ಮೊದಲೇ ಬಾಡಿಗೆಗೆ ದುಡ್ಡು ಸುರಿಯುವುದು ದುಂದುವೆಚ್ಚವೆಂದು ತಮ್ಮನೂ ವಾದಿಸಿದ. ದೀಪಾವಳಿಗೆ ಮಾರುತಿ ಎರ್ಟಿಗಾ ಮನೆಗೆ ಬಂದಿತು. ಅಲ್ಲಿಂದ ಈಚೆಗೆ ಇವರಿಬ್ಬರೂ ಆ ವಾದ ಎತ್ತಿಲ್ಲ.

ಎಲ್ಲ ಸೇರಿ ಆನ್‌ರೋಡ್ 12 ಲಕ್ಷ ನನ್ನ ಮಿತಿಯಾಗಿತ್ತು. ಇನ್ನೊಂದು ಮಿತಿ ಮನೆಯದು: ಕಂಪೌಂಡಿನ ಒಳಗೆ ಗೇಟು ಹಾಕಿದ ಮೇಲೆ ಉಳಿಯುವ ಜಾಗ ಹೆಚ್ಚುಕಡಿಮೆ 15 ಅಡಿ. ಇನ್ನೋವಾ ಕ್ರಿಸ್ಟಾ 4735 ಮಿ.ಮೀ., ಸ್ಕಾರ್ಪಿಯೋ ಎನ್ 4662 ಮಿ.ಮೀ. ಉದ್ದ ಇರುವುದರಿಂದ ಅವೆರಡೂ ಗೇಟಿನಲ್ಲೇ ಬಿದ್ದುಹೋದವು.

ಆದರೂ ಕಾಕಾ ಅವರ ಮಾತಿಗೆ ಬೆಲೆ ಕೊಟ್ಟು ಮೊದಲು ಹಳೆಯ ಡೀಸೆಲ್ ಗಾಡಿಗಳನ್ನೇ ನೋಡಿದೆ. ಹುಬ್ಬಳ್ಳಿ, ಗದಗ, ಬೆಳಗಾವಿಗಳಲ್ಲಿ ಐದಾರು ಗಾಡಿ ನೋಡಿರಬೇಕು. ಒಂದರ ಮೀಟರು 70 ಸಾವಿರದ ಆಸುಪಾಸು ತೋರಿಸುತ್ತಿತ್ತು, ಆದರೆ ಕ್ಲಚ್ ಪೆಡಲಿನ ರಬ್ಬರು ಒಂದು ಬದಿಗೆ ಪೂರ್ತಿ ಸವೆದು ಕಬ್ಬಿಣ ಕಾಣುತ್ತಿತ್ತು. ಸರ್ವಿಸ್ ದಾಖಲೆ ತೆಗೆಸಿದಾಗ ಅದು ಎಂದೋ ಒಂದೂಕಾಲು ಲಕ್ಷ ದಾಟಿತ್ತು. ಇನ್ನೊಂದರ ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಹಾಗೆಯೇ ನಿಂತಿತ್ತು. ಮೂರನೆಯದಕ್ಕೆ 25 ಸಾವಿರ ಟೋಕನ್ ಕೊಟ್ಟ ಮೇಲೆ, ಮುಂದಿನ ಗಾಜಿನ ಮೇಲಿನ ತಯಾರಿಕೆಯ ವರ್ಷವು ಉಳಿದ ಗಾಜುಗಳ ವರ್ಷಕ್ಕೆ ಹೊಂದದಿರುವುದನ್ನು ಕಂಡು ಮಾರುವವರನ್ನು ಕೇಳಿದೆ. ಅಪಘಾತದ ಸಂಗತಿ ಆಗ ಹೊರಬಂದಿತು. ಟೋಕನ್ ಮರಳಿ ಪಡೆಯಲು ವಾರಗಟ್ಟಲೆ ಓಡಾಡಬೇಕಾಯಿತು. ಮೆಕ್ಯಾನಿಕ್ಕನ ಕೂಲಿ, ಓಡಾಟ ಎಲ್ಲ ಸೇರಿ ಎಂಟು ಒಂಬತ್ತು ಸಾವಿರ ಹೋಯಿತು. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಖಚಿತವಾದ ಇನ್ನೊಂದು ಪರೀಕ್ಷೆ ನನ್ನ ಬಳಿ ಇದೆ, ಇದುವರೆಗೆ ಒಮ್ಮೆಯೂ ಸುಳ್ಳಾಗಿಲ್ಲ. ಅದನ್ನು ಇಲ್ಲಿ ಬರೆದರೆ ದಲ್ಲಾಳಿಗಳು ಮೊದಲು ಓದಿಕೊಳ್ಳುತ್ತಾರೆ, ಆದ್ದರಿಂದ ಬರೆಯುವುದಿಲ್ಲ.

ಹಳೆಯದರ ಆಸೆ ಬಿಟ್ಟ ಮೇಲೆ ಅಳತೆ ಟೇಪು ಜೇಬಿನಲ್ಲಿಟ್ಟುಕೊಂಡು ಗೋಕುಲ ರಸ್ತೆಯ ಶೋರೂಮುಗಳಿಗೆ ಹೋದೆ. ಮೂರನೇ ಸಾಲಿನಲ್ಲಿ ನಾನು ಮೊದಲು ಅಳೆದದ್ದು ಸೀಟಿನ ಅಂಚಿನಿಂದ ಕಾಲಿಡುವ ನೆಲದವರೆಗಿನ ಎತ್ತರ. ಎಲ್ಲರೂ ಮೊಣಕಾಲಿನ ಮುಂದಿನ ಜಾಗವನ್ನಷ್ಟೇ ನೋಡುತ್ತಾರೆ. ಆದರೆ ಈ ಎತ್ತರ ಹನ್ನೆರಡು ಇಂಚಿಗಿಂತ ಕಡಿಮೆಯಾದರೆ ಮುಂದೆ ಎಷ್ಟೇ ಜಾಗವಿದ್ದರೂ ಮೊಣಕಾಲು ಎದೆಯ ಮಟ್ಟಕ್ಕೆ ಬಂದು, ಅರ್ಧ ತಾಸಿನಲ್ಲಿ ಸೊಂಟ ಹಿಡಿಯುತ್ತದೆ. ಚಾಸಿಯ, ಅಂದರೆ ಕೆಳಗಿನ ಚೌಕಟ್ಟಿನ, ಮೇಲೆ ಬಾಡಿ ಕೂರಿಸಿದ ಗಾಡಿಗಳಲ್ಲಿ ಹಿಂದಿನ ನೆಲ ಎತ್ತರವಿರುವುದು ಸಹಜ, ಏಕೆಂದರೆ ಕೆಳಗೆ ಚಾಸಿಯೂ ಹಿಂದಿನ ಆಕ್ಸಲ್ಲೂ ಬರುತ್ತವೆ. ಬೊಲೆರೋದಲ್ಲಿ ಹಿಂದಿನ ಸೀಟುಗಳು ಎದುರುಬದುರು ಇರುವುದರಿಂದ ಘಟ್ಟದ ತಿರುವಿನಲ್ಲಿ ಮಕ್ಕಳನ್ನು ಅಲ್ಲಿ ಕೂಡಿಸಲು ನನಗೆ ಮನಸ್ಸಾಗಲಿಲ್ಲ. ರೆನೋ ಟ್ರೈಬರ್ ನಾಲ್ಕು ಮೀಟರಿನೊಳಗೆ ಏಳು ಸೀಟು ಕೊಡುವ ಜಾಣ ಗಾಡಿ, ಬೆಲೆಯೂ ಕಡಿಮೆ. ಆದರೆ ಏಳೂ ಸೀಟು ಎತ್ತಿದಾಗ ಉಳಿಯುವ ಡಿಕ್ಕಿ 84 ಲೀಟರು, ಎರ್ಟಿಗಾದಲ್ಲಿ 209 ಲೀಟರು. ಸವದತ್ತಿಗೆ ಒಂದು ದಿನ ಹೋಗಿಬರುವವರಿಗೆ 84 ಸಾಕು, ನಮಗೆ ಸಾಲದು. ಒಂದು ಗುಂಡಿ ಒತ್ತಿದರೆ ಎರಡನೇ ಸಾಲು ಮಡಚಿಕೊಂಡು ದಾರಿ ಬಿಡುವ ಕಿಯಾ ಕ್ಯಾರೆನ್ಸ್ ಅವ್ವನಿಗೆ ಬಹಳ ಹಿಡಿಸಿತು, ಆದರೆ ಅದರ ಬೆಲೆ ನಾನು ಮುಂದೆ ಹೇಳಲಿರುವ ತೆರಿಗೆಯ ಗೆರೆಯಿಂದ ಆಚೆಗಿತ್ತು.

ಟೇಪು ಎರ್ಟಿಗಾ ಕಡೆಗೆ ಬೆರಳು ತೋರಿಸಿತ್ತು. ಶೋರೂಮಿನವರು ಕೊಡುವ ಟೆಸ್ಟ್ ಡ್ರೈವ್ ವಿಮಾನ ನಿಲ್ದಾಣದ ಕಡೆಗೆ ನಾಲ್ಕೈದು ಕಿಲೋಮೀಟರು, ಅದೂ ಇಬ್ಬರೇ ಕೂತು. ಅದರಿಂದ ಏನೂ ತಿಳಿಯುವುದಿಲ್ಲ. ಆದ್ದರಿಂದ ಮಕ್ಕಳ ರಜೆಯಲ್ಲಿ ಒಂದು ಬಾಡಿಗೆ ಎರ್ಟಿಗಾ ಹಿಡಿದು, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಗೋಕರ್ಣಕ್ಕೆ ಹೋಗಿಬಂದೆವು. ಡೀಸೆಲ್ ಗಾಡಿಗಳ ಜೊತೆಗೆ ಹೋಲಿಸಲು ಬೇರೊಂದು ಭಾನುವಾರ ಇನ್ನೋವಾವನ್ನೂ ಹಿಡಿದಿದ್ದೆ. ಎರಡೂ ಸೇರಿ ಹನ್ನೊಂದು ಹನ್ನೆರಡು ಸಾವಿರ ಖರ್ಚಾಯಿತು, ಬಾಡಿಗೆ ಮತ್ತು ಡ್ರೈವರ್ ಭತ್ಯೆ ಹಿಡಿದು.

ಈ ಹಣಕ್ಕೆ ಸಿಕ್ಕ ತಿಳಿವಳಿಕೆ ಬೇರೆಲ್ಲೂ ಸಿಗುತ್ತಿರಲಿಲ್ಲ. ಹೊರಡುವ ಮೊದಲು ಹಿಂದಿನ ಚಕ್ರದ ಕಮಾನಿನಿಂದ ನೆಲದವರೆಗೆ ಅಳೆದು ಚಾಕ್‌ಪೀಸಿನಿಂದ ಗುರುತು ಹಾಕಿದ್ದೆ. ಏಳು ಜನ ಮತ್ತು ಸಾಮಾನು ಏರಿದ ಮೇಲೆ ಅದು ಹತ್ತಿರಹತ್ತಿರ ಎರಡು ಇಂಚು ಇಳಿಯಿತು. ಚಾಲಕನ ಬಾಗಿಲ ಪಟ್ಟಿಯ ಮೇಲೆ ಪೂರ್ತಿ ಹೊರೆಗೆ ಬರೆದಿರುವ ಗಾಳಿಯನ್ನು ಹಿಂದಿನ ಟೈರುಗಳಿಗೆ ತುಂಬಿಸಿದಾಗ ಹಂಪುಗಳ ಮೇಲಿನ ಓಲಾಟ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಅರಬೈಲ್ ತಿರುವುಗಳಲ್ಲಿ ಏಳು ಜನರನ್ನು ಹೊತ್ತು, ಎ.ಸಿ. ಹಾಕಿಕೊಂಡು ಏರುವಾಗ 1.5 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಎರಡನೇ ಗೇರು ಬೇಕು; ಮೊದಲೇ ಇಳಿಸಿಕೊಂಡರೆ ಏದುಸಿರಿಲ್ಲದೆ ಏರುತ್ತದೆ. ಐದು ಅಡಿ ಒಂಬತ್ತು ಇಂಚಿನ ಅಕ್ಕನ ಮಗನನ್ನು ಇಡೀ ದಾರಿ ಮೂರನೇ ಸಾಲಿನಲ್ಲೇ ಕೂಡಿಸಿದ್ದೆ. ಅಂಕೋಲೆಯಲ್ಲಿ ಇಳಿದವನು ಕಾಲು ಹಿಡಿದಿಲ್ಲ ಎಂದ. ಡ್ರೈವರ್ ಅಣ್ಣನಂತೂ ಕ್ಲಚ್ ಪ್ಲೇಟು ಎಷ್ಟು ದೂರಕ್ಕೆ ಹೋಯಿತು, ಬುಶ್ ಯಾವಾಗ ಬದಲಿಸಿದರು, ಯಾವ ಬಿಡಿಭಾಗಕ್ಕೆ ಎಷ್ಟು ಕೊಟ್ಟರು ಎಂಬುದನ್ನೆಲ್ಲ ಬಾಯಿಪಾಠವಾಗಿ ಒಪ್ಪಿಸಿದರು. ಒಂದೂವರೆ ಲಕ್ಷ ಓಡಿದ ಟ್ಯಾಕ್ಸಿಯ ಲೆಕ್ಕ ಸಿಕ್ಕ ಮೇಲೆ ನನಗೆ ಬೇರೆಯವರ ವಿಮರ್ಶೆ ಬೇಕಾಗಲಿಲ್ಲ.

ಅದೇ ಗಾಡಿಯಲ್ಲಿ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮೂರನೇ ಸಾಲಿನ ತಲೆದಿಂಬಿಗೆ ಒಂದು ಡಿಜಿಟಲ್ ಥರ್ಮಾಮೀಟರು ಕಟ್ಟಿದ್ದೆ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ 45 ಡಿಗ್ರಿಯಷ್ಟಿತ್ತು. ಎರಡನೇ ಸಾಲು ಹತ್ತು ನಿಮಿಷದಲ್ಲಿ ತಂಪಾದರೆ ಮೂರನೆಯದಕ್ಕೆ ಇಪ್ಪತ್ತರ ಮೇಲೆ ಬೇಕಾಯಿತು. ಮೊದಲ ಎರಡು ನಿಮಿಷ ಹಿಂದಿನ ಗಾಜು ಇಳಿಸಿ ಓಡಿಸಿದರೆ ಈ ಸಮಯ ಅರ್ಧದಷ್ಟಾಗುತ್ತದೆ.

ಡೀಸೆಲ್ ಬೇಡವೆಂದದ್ದು ಲೆಕ್ಕ ಹಾಕಿಯೇ. ಆಗಿನ ದರದಂತೆ ಲೀಟರಿಗೆ ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ರೂಪಾಯಿ ಎಂದು ಹಿಡಿದು ಮೈಲೇಜನ್ನೂ ಸೇರಿಸಿದರೆ ಡೀಸೆಲ್ಲಿನಿಂದ ಕಿಲೋಮೀಟರಿಗೆ ಎರಡು ರೂಪಾಯಿ ಉಳಿಯುತ್ತಿತ್ತು. ನಮ್ಮ ಓಡಾಟ ವರ್ಷಕ್ಕೆ 11 ಸಾವಿರ ಕಿಲೋಮೀಟರಿನಷ್ಟು. ಡೀಸೆಲ್ಲಿಗೆ ಹೆಚ್ಚು ಕೊಡಬೇಕಾದ ಒಂದೂಕಾಲು ಒಂದೂವರೆ ಲಕ್ಷ ಹುಟ್ಟಲು ಆರೇಳು ವರ್ಷ ಬೇಕು. ಸಿಎನ್‌ಜಿ ಸಿಲಿಂಡರು ಸಾಮಾನಿಡುವ ಜಾಗವನ್ನೇ ತಿನ್ನುವುದರಿಂದ ಅದನ್ನೂ ಬಿಟ್ಟೆ.

ಹಣದ ವಿಷಯದಲ್ಲಿ ನಿಜವಾದ ಗೆರೆ ಇರುವುದು 10 ಲಕ್ಷದಲ್ಲಿ. ನಮ್ಮ ರಾಜ್ಯದಲ್ಲಿ ಗಾಡಿಯ ಜೀವಾವಧಿ ರಸ್ತೆ ತೆರಿಗೆ 5ರಿಂದ 10 ಲಕ್ಷದವರೆಗೆ ಶೇ. 14, ಅಲ್ಲಿಂದ 20 ಲಕ್ಷದವರೆಗೆ ಶೇ. 17, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್ಸು. ದರ ಇಡೀ ಬೆಲೆಗೆ ಅನ್ವಯಿಸುವುದರಿಂದ 9.90 ಲಕ್ಷದ ಗಾಡಿಗೆ 1.54 ಲಕ್ಷ, 10.10 ಲಕ್ಷದ ಗಾಡಿಗೆ 1.91 ಲಕ್ಷ ತೆರಿಗೆ ಬೀಳುತ್ತದೆ. ಬೆಲೆಯಲ್ಲಿ 20 ಸಾವಿರ ಹೆಚ್ಚಾದರೆ ತೆರಿಗೆಯಲ್ಲಿ 37 ಸಾವಿರ ಹೆಚ್ಚಾಗುತ್ತದೆ. ನನಗೆ ಬೇಕಾದ ಎರ್ಟಿಗಾದ ವಿಎಕ್ಸ್‌ಐ ಮಾದರಿ ಗೆರೆಯ ಸ್ವಲ್ಪ ಮೇಲೆ ಇದ್ದುದರಿಂದ ಬುಕ್ ಮಾಡದೆ ತಡೆದಿದ್ದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಗಾಡಿಗಳ ಮೇಲಿನ ಜಿಎಸ್‌ಟಿ ಸೆಸ್ಸೂ ಸೇರಿ ಇದ್ದ ಶೇ. 45ರಿಂದ ಶೇ. 40ಕ್ಕೆ ಇಳಿದಾಗ ಅದು ಗೆರೆಯ ಕೆಳಗೆ ಬಂದಿತು. ಬೆಲೆಯೂ ಇಳಿಯಿತು, ಸ್ಲ್ಯಾಬೂ ಇಳಿಯಿತು. ವಿಮೆಯನ್ನು ಹೊರಗೆ ಮಾಡಿಸಿ ಹನ್ನೆರಡು ಸಾವಿರದಷ್ಟು ಉಳಿಸಿದೆ. ಶೋರೂಮಿನವರು ಅದಕ್ಕೆ ಒಪ್ಪುವಂತೆ ಮಾತನಾಡಿದ ಬಗೆಯನ್ನು ಮಾತ್ರ ನನ್ನ ತಮ್ಮನಿಗೂ ಹೇಳಿಲ್ಲ. ಕೆಎ-63 ನಂಬರಿನೊಂದಿಗೆ ಗಾಡಿ ಮನೆಗೆ ಬಂದಾಗ 12 ಲಕ್ಷದಲ್ಲಿ ಇನ್ನೂ ಹದಿನೈದು ಸಾವಿರದಷ್ಟು ಕೈಯಲ್ಲಿತ್ತು.

ಆ ಹಣದಲ್ಲಿ ಮೇಲಿನ ಕ್ಯಾರಿಯರು ಹಾಕಿಸಿ, ಮೂರನೇ ಸಾಲಿನ ಪಕ್ಕದ ಗಾಜುಗಳಿಗೆ ಕಪ್ಪು ಜಾಲರಿಯ ಪರದೆ ತಂದೆ. ಶಿವರಾತ್ರಿಯ ಬಿಸಿಲಲ್ಲಿ ಒಂದು ಬದಿಗೆ ಮಾತ್ರ ಪರದೆ ಹಾಕಿ ಥರ್ಮಾಮೀಟರು ಕಟ್ಟಿ ನೋಡಿದಾಗ ಪರದೆಯ ಬದಿಯ ಸೀಟು ಎರಡು ಮೂರು ಡಿಗ್ರಿ ತಂಪಾಗಿತ್ತು. ಏಪ್ರಿಲಿನಲ್ಲಿ ಗದಗಿನ ದಾರಿಯಲ್ಲಿ ಇದನ್ನೇ ಎರಡೂ ಬದಿಗೆ ಹಾಕಿ ಮತ್ತೊಮ್ಮೆ ಅಳೆಯಲಿದ್ದೇನೆ.