ಆಕ್ಸಿಜನ್ ಸೆನ್ಸರ್ ಬದಲಾಯಿಸುವ ಮೊದಲು ನಾನು ನೋಡಿದ್ದು

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹತ್ತಿಕೊಂಡರೆ ಯಾರಿಗಾದರೂ ಕಸಿವಿಸಿ ಆಗುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿರುತ್ತದೆ, ಆದರೂ ದೀಪ ಆರುವುದಿಲ್ಲ. ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕುತ್ತಾರೆ, ಪರದೆಯಲ್ಲಿ ಬಂದ ಒಂದು ಸಾಲು ಓದುತ್ತಾರೆ, "ಆಕ್ಸಿಜನ್ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು" ಅನ್ನುತ್ತಾರೆ. ನನಗೂ ಹಾಗೇ ಹೇಳಿದ್ದರು. ನನ್ನ ಪೆಟ್ರೋಲ್ ಕಾರಿನಲ್ಲಿ ಬಂದಿದ್ದ ಕೋಡ್ ಪಿ0171. ಮಿಶ್ರಣ ತೆಳುವಾಗಿದೆ, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ ಅದರ ಅರ್ಥ. ಸೆನ್ಸರ್ ಕೆಟ್ಟಿದೆ ಅಂತ ಆ ಕೋಡ್ ಎಲ್ಲೂ ಹೇಳುವುದಿಲ್ಲ. ಮಿಶ್ರಣ ತೆಳುವಾಗಿದೆ ಅಂತ ಸುದ್ದಿ ಕೊಟ್ಟಿದ್ದೇ ಆ ಸೆನ್ಸರ್. ದೂರು ಕೊಡಲು ಬಂದವನನ್ನೇ ಹಿಡಿದು ಒಳಗೆ ಹಾಕಿದ ಹಾಗಾಯಿತು. ಅದಕ್ಕೇ ನಾನೇ ಕೂತು ನೋಡೋಣ ಅಂದುಕೊಂಡೆ.

ಮೊದಲು ಸೆನ್ಸರ್ ಏನು ಮಾಡುತ್ತದೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎಂಜಿನ್‌ನಿಂದ ಹೊಗೆ ಹೊರಬರುವ ಪೈಪಿನಲ್ಲಿ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲು ಒಂದು ಸೆನ್ಸರ್ ಇರುತ್ತದೆ, ಅದೇ ಮುಂದಿನ ಸೆನ್ಸರ್. ಕನ್ವರ್ಟರ್ ನಂತರ ಇನ್ನೊಂದು, ಅದು ಹಿಂದಿನದು. ಸೆನ್ಸರ್ ಒಳಗೆ ಜಿರ್ಕೋನಿಯಾ ಅನ್ನುವ ಸೆರಾಮಿಕ್ ತುಂಡು ಇದೆ. ಅದರ ಒಂದು ಬದಿಗೆ ಹೊರಗಿನ ಗಾಳಿ, ಇನ್ನೊಂದು ಬದಿಗೆ ಹೊಗೆ. ಎರಡು ಕಡೆ ಆಮ್ಲಜನಕದಲ್ಲಿ ವ್ಯತ್ಯಾಸ ಇದ್ದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1 ವೋಲ್ಟ್ ಹತ್ತಿರ, ಉಳಿದಿಲ್ಲದಿದ್ದರೆ 0.9ರ ಹತ್ತಿರ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಂಜಿನ್ ಕಂಪ್ಯೂಟರ್ ಈ ಅಳತೆಯ ಆಸುಪಾಸಿನಲ್ಲೇ ಪೆಟ್ರೋಲನ್ನು ಒಮ್ಮೆ ಸ್ವಲ್ಪ ಹೆಚ್ಚಿಸಿ, ಒಮ್ಮೆ ಸ್ವಲ್ಪ ತಗ್ಗಿಸಿ ಆಡಿಸುತ್ತಿರುತ್ತದೆ. ಹಾಗಾಗಿ ಆರೋಗ್ಯವಾಗಿರುವ ಮುಂದಿನ ಸೆನ್ಸರ್‌ನ ವೋಲ್ಟೇಜ್ 0.45ರ ಆಚೆ ಈಚೆ ಸದಾ ಓಡಾಡುತ್ತಿರಬೇಕು. ಬಾಷ್ ಕಂಪನಿ 1976ರಲ್ಲಿ ವೋಲ್ವೋ ಕಾರುಗಳಿಗೆ ಮೊದಲು ಕೊಟ್ಟ ಸೆನ್ಸರ್‌ನ ತತ್ವವೂ ಇದೇ. ಈಗಿನ ಹಲವು ಕಾರುಗಳಲ್ಲಿ ಮುಂದಿನದು ವೈಡ್‌ಬ್ಯಾಂಡ್ ಸೆನ್ಸರ್ ಆಗಿರುತ್ತದೆ. ಅದರ ಲೆಕ್ಕ ಬೇರೆ, ಈ 0.1, 0.9 ಅಲ್ಲಿ ನಡೆಯುವುದಿಲ್ಲ. ನಿಮ್ಮ ಗಾಡಿಯಲ್ಲಿ ಯಾವುದಿದೆ ಅಂತ ಮೊದಲೇ ತಿಳಿದುಕೊಳ್ಳಿ.

ನನ್ನ ಹತ್ತಿರ ಇದ್ದದ್ದು ಫೋನಿಗೆ ಬ್ಲೂಟೂತ್ ಮೂಲಕ ಮಾತಾಡುವ ಸಣ್ಣ ಓಬಿಡಿ ಅಡಾಪ್ಟರ್, ಅಂದರೆ ಎಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಧನ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿದರೆ ಆಯಿತು. ಜಾಸ್ತಿ ಜನ ಇದರಲ್ಲಿ ಕೋಡ್ ಓದಿ, ಅಳಿಸಿ, ಸುಮ್ಮನಾಗಿಬಿಡುತ್ತಾರೆ. ದಯವಿಟ್ಟು ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮ್ ನೋಡಿ. ದೀಪ ಹತ್ತಲು ಕಾರಣವಾದ ಆ ಗಳಿಗೆಯಲ್ಲಿ ಎಂಜಿನ್ ಹೇಗಿತ್ತು ಅನ್ನುವುದನ್ನು ಕಂಪ್ಯೂಟರ್ ಬರೆದಿಟ್ಟುಕೊಂಡಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಯಿತು. ಬ್ಯಾಟರಿ ವೈರ್ ಬಿಚ್ಚಿದರೂ ಸಾಮಾನ್ಯವಾಗಿ ಇದೇ ಗತಿ.

ನನ್ನ ಫ್ರೀಜ್ ಫ್ರೇಮಿನಲ್ಲಿ ವೇಗ ಸೊನ್ನೆ. ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ, ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವ ಮಟ್ಟ). ಎಂಜಿನ್ ತಂಪು ಮಾಡುವ ದ್ರವ ಕೂಲೆಂಟ್ ಪೂರ್ತಿ ಬಿಸಿ. ಅಂದರೆ ಸಿಗ್ನಲ್‌ನಲ್ಲೋ ಎಲ್ಲೋ ಗಾಡಿ ನಿಂತಿದ್ದಾಗ ತೊಂದರೆ ದಾಖಲಾಗಿದೆ. ಹೈವೇಯಲ್ಲಿ ಎಳೆಯುವಾಗ ಅಲ್ಲ. ನನಗೆ ಅರ್ಧ ದಾರಿ ಇಲ್ಲೇ ಸಿಕ್ಕಿತು. ಪೆಟ್ರೋಲ್ ಪಂಪ್ ಸೋತಿದ್ದರೆ ಅಥವಾ ಫಿಲ್ಟರ್ ಕಟ್ಟಿಕೊಂಡಿದ್ದರೆ ಜೋರಾಗಿ ಎಳೆಯುವಾಗ ಮಿಶ್ರಣ ತೆಳುವಾಗುತ್ತದೆ, ನಿಂತಾಗ ಅಷ್ಟಾಗಿ ಅಲ್ಲ.

ಎಂಜಿನ್ ಬಿಸಿ ಮಾಡಿಕೊಂಡು ಲೈವ್ ಡೇಟಾ ತೆರೆದೆ. ನಾನು ನೋಡಿದ್ದು ಮೂರೇ ಸಾಲು: ಮುಂದಿನ ಸೆನ್ಸರ್ ವೋಲ್ಟೇಜ್, ಶಾರ್ಟ್ ಟರ್ಮ್ ಫ್ಯೂಯಲ್ ಟ್ರಿಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್. ಟ್ರಿಮ್ ಅಂದರೆ ಕಂಪ್ಯೂಟರ್ ತನ್ನ ಮೂಲ ಲೆಕ್ಕಕ್ಕಿಂತ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಅಥವಾ ಕಡಿಮೆ ಬಿಡುತ್ತಿದೆ ಅನ್ನುವ ಅಂಕಿ. ಶಾರ್ಟ್ ಟರ್ಮ್ ಆ ಕ್ಷಣದ ತಿದ್ದುಪಡಿ, ಲಾಂಗ್ ಟರ್ಮ್ ದಿನ ಕಳೆದಂತೆ ಕಲಿತದ್ದು. ಎರಡನ್ನೂ ಕೂಡಿಸಿದರೆ ಪ್ಲಸ್ ಅಥವಾ ಮೈನಸ್ 10ರ ಒಳಗಿದ್ದರೆ ಚಿಂತೆಯಿಲ್ಲ. ನನ್ನ ಗಾಡಿ ಐಡ್ಲಿಂಗ್‌ನಲ್ಲಿ ಪ್ಲಸ್ 28ರ ಹತ್ತಿರ ನಿಂತಿತ್ತು. ಅಷ್ಟು ಪೆಟ್ರೋಲ್ ಸುರಿದರೂ ಸೆನ್ಸರ್ ಜಾಸ್ತಿ ಹೊತ್ತು 0.1, 0.2ರಲ್ಲೇ ಬಿದ್ದುಕೊಂಡಿತ್ತು.

ಇದನ್ನು ನೋಡಿದರೆ ಸೆನ್ಸರ್ ಸತ್ತಿದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಹಾಕಿ, ಆಕ್ಸಿಲರೇಟರ್ ಒಮ್ಮೆ ಗಬಕ್ಕನೆ ಒತ್ತಿ ಬಿಟ್ಟೆ. ಒತ್ತಿದ ಕ್ಷಣ ಪೆಟ್ರೋಲ್ ಹೆಚ್ಚು ಬೀಳುತ್ತದೆ, ವೋಲ್ಟೇಜ್ ಮೇಲಕ್ಕೆ ಹಾರಬೇಕು. ಬಿಟ್ಟಾಗ ಪೆಟ್ರೋಲ್ ನಿಲ್ಲುತ್ತದೆ, ಕೆಳಕ್ಕೆ ಬೀಳಬೇಕು. ನನ್ನ ಸೆನ್ಸರ್ ತಕ್ಷಣ 0.85 ದಾಟಿತು, ಹಾಗೇ 0.1ರ ಕೆಳಗೆ ಇಳಿಯಿತು. ಎಲ್ಲೂ ತಡವರಿಸಲಿಲ್ಲ. ಇಷ್ಟು ಚುರುಕಾಗಿರುವ ಸೆನ್ಸರನ್ನು ತೆಗೆದುಹಾಕಲು ನನಗೆ ಯಾವ ಕಾರಣವೂ ಕಾಣಲಿಲ್ಲ. ಅದು ತೆಳು ಅನ್ನುತ್ತಿದೆ ಅಂದರೆ ಮಿಶ್ರಣ ನಿಜಕ್ಕೂ ತೆಳುವಾಗಿದೆ.

ಮುಂದೆ ಆರ್‌ಪಿಎಂ 2500ಕ್ಕೆ ಏರಿಸಿ ಹಿಡಿದುಕೊಂಡೆ. ಟ್ರಿಮ್ ನಿಧಾನಕ್ಕೆ ಇಳಿಯುತ್ತಾ ಪ್ಲಸ್ 7ಕ್ಕೆ ಬಂತು. ಕೈ ಬಿಟ್ಟು ಐಡ್ಲಿಂಗ್‌ಗೆ ಬಂದರೆ ಮತ್ತೆ 28. ಗಾಳಿ ಅಳೆಯುವ ಮ್ಯಾಸ್ ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಈ ನಡವಳಿಕೆ ಕಂಡರೆ ಮೊದಲ ಅನುಮಾನ ವ್ಯಾಕ್ಯೂಮ್ ಲೀಕ್ ಮೇಲೆ. ಎಲ್ಲೋ ಒಂದು ತೂತಿನಿಂದ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಕಡಿಮೆ, ಹಾಗಾಗಿ ಆ ಕಳ್ಳಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದಾಗ ಒಟ್ಟು ಗಾಳಿ ಹೆಚ್ಚಿ ಅದರ ಪಾಲು ಕುಗ್ಗುತ್ತದೆ. ಏರ್ ಫ್ಲೋ ಸೆನ್ಸರ್ ಇಲ್ಲದೆ ಒತ್ತಡ ನೋಡಿ ಲೆಕ್ಕ ಹಾಕುವ ಗಾಡಿಗಳಲ್ಲಿ ಚಿತ್ರ ಇಷ್ಟು ಸ್ಪಷ್ಟವಾಗಿರುವುದಿಲ್ಲ. ಅಲ್ಲಿ ಟ್ರಿಮ್ ಬದಲು ಐಡ್ಲಿಂಗ್ ಆರ್‌ಪಿಎಂ ಏರಿಬಿಡಬಹುದು.

ಲೀಕ್ ಹುಡುಕಲು ಕಾರ್ಬ್ಯುರೇಟರ್ ಕ್ಲೀನರ್ ಸ್ಪ್ರೇ ಮಾಡುತ್ತಾ ಹೋಗುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಬೆಂಕಿ ಹಿಡಿಯುವ ದ್ರವ ಚಿಮುಕಿಸುವುದು ನನಗೆ ಒಪ್ಪಿಗೆಯಿಲ್ಲ. ಹೊಗೆ ತುಂಬಿಸಿ ಲೀಕ್ ತೋರಿಸುವ ಯಂತ್ರ ಇರುವ ಗ್ಯಾರೇಜ್ ಸಿಕ್ಕರೆ ಅದೇ ಒಳ್ಳೆಯದು. ನಾನು ಕಿವಿ ಮತ್ತು ಬೆರಳು ನಂಬಿದೆ. ಒಂದು ಉದ್ದ ರಬ್ಬರ್ ಪೈಪಿನ ತುದಿಯನ್ನು ಕಿವಿಗೆ ಇಟ್ಟುಕೊಂಡು, ಇನ್ನೊಂದು ತುದಿಯನ್ನು ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್ ಸುತ್ತ ಆಡಿಸಿದೆ. ಫ್ಯಾನ್, ಬೆಲ್ಟ್‌ಗಳಿಂದ ಕೈ ದೂರ ಇರಲಿ. ವಾಲ್ವ್ ಕವರ್‌ನಿಂದ ಮ್ಯಾನಿಫೋಲ್ಡ್‌ಗೆ ಹೋಗುವ, ಎಂಜಿನ್ ಒಳಗಿನ ಎಣ್ಣೆ ಆವಿ ಸಾಗಿಸುವ ಪಿಸಿವಿ ಹೋಸ್ ಹತ್ತಿರ ಬಂದಾಗ ಸುಯ್ ಅನ್ನುವ ಸದ್ದು ಒಮ್ಮೆಲೇ ಜೋರಾಯಿತು.

ಮೇಲಿಂದ ನೋಡಿದರೆ ಆ ಹೋಸ್ ಹೊಸದರ ಹಾಗೇ ಇತ್ತು. ಕ್ಲಿಪ್ ಬಿಗಿಯಾಗಿತ್ತು. ತೊಂದರೆ ಇದ್ದದ್ದು ಅದು ಬಾಗುವ ಮೊಣಕೈಯಂಥ ಜಾಗದ ಕೆಳಬದಿಯಲ್ಲಿ. ಎಣ್ಣೆ ಆವಿ ಕುಡಿದೂ ಕುಡಿದೂ ರಬ್ಬರ್ ಮೆತ್ತಗಾಗಿ, ಉಬ್ಬಿ, ಉಗುರಿನುದ್ದದ ಸೀಳು ಬಿಟ್ಟಿತ್ತು. ಬೆರಳು ಕೆಳಗೆ ಹಾಕಿ ಆ ಸೀಳನ್ನು ಒತ್ತಿ ಮುಚ್ಚಿದೆ. ಎಂಜಿನ್ ಸದ್ದು ತಕ್ಷಣ ಬದಲಾಯಿತು. ಫೋನಿನಲ್ಲಿ ಸೆನ್ಸರ್ ವೋಲ್ಟೇಜ್ 0.9ಕ್ಕೆ ಹಾರಿ ಅಲ್ಲೇ ನಿಂತಿತು. ಗಾಬರಿಯಾಗಬೇಡಿ, ಆಗಬೇಕಾದದ್ದೇ ಅದು. ಕಳ್ಳಗಾಳಿಗೆ ಸರಿತೂಗಿಸಲು ಕಂಪ್ಯೂಟರ್ ಸುರಿಯುತ್ತಿದ್ದ ಹೆಚ್ಚಿನ ಪೆಟ್ರೋಲ್ ಈಗ ನಿಜಕ್ಕೂ ಹೆಚ್ಚಾಯಿತು. ಬೆರಳು ಹಾಗೇ ಹಿಡಿದಿದ್ದಂತೆ ಶಾರ್ಟ್ ಟರ್ಮ್ ಟ್ರಿಮ್ ಮೈನಸ್ ಕಡೆಗೆ ಜಾರಿತು, ವೋಲ್ಟೇಜ್ ಮತ್ತೆ ಮೇಲೆ ಕೆಳಗೆ ಓಡಾಡತೊಡಗಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ. ಹೊಸ ಹೋಸ್ ಹಾಕಿದೆ. ಸೆನ್ಸರ್ ಹಳೆಯದೇ ಉಳಿಯಿತು.

ಇದೇ ಪಿ0171 ಬೇರೆ ಕಾರಣಕ್ಕೂ ಬರುತ್ತದೆ. ಸೆನ್ಸರ್‌ಗಿಂತ ಮೊದಲು ಎಕ್ಸಾಸ್ಟ್ ಪೈಪಿನ ಜೋಡಣೆಯಲ್ಲಿ ಲೀಕ್ ಇದ್ದರೆ ಹೊರಗಿನ ಗಾಳಿ ಒಳಗೆ ಸೇರಿ ಸೆನ್ಸರ್‌ಗೆ ಸುಳ್ಳು ಹೇಳುತ್ತದೆ. ಒಂದು ಸಿಲಿಂಡರ್ ಮಿಸ್‌ಫೈರ್ ಆದರೆ, ಅಂದರೆ ಅದರಲ್ಲಿ ಮಿಶ್ರಣ ಸರಿಯಾಗಿ ಉರಿಯದಿದ್ದರೆ, ಅಲ್ಲಿ ಉರಿಯದ ಆಮ್ಲಜನಕವೆಲ್ಲ ಹೊಗೆ ಜೊತೆ ಹೋಗುತ್ತದೆ, ಆಗಲೂ ತೆಳು ಅಂತಲೇ ತೋರಿಸುತ್ತದೆ. ಹಾಗಾಗಿ ಪಿ0300 ಸರಣಿಯ ಮಿಸ್‌ಫೈರ್ ಕೋಡ್ ಜೊತೆಗಿದ್ದರೆ ಅದನ್ನೇ ಮೊದಲು ಹಿಡಿಯಿರಿ. ದೀಪ ಮಿಣುಕುತ್ತಿದ್ದರಂತೂ ಗಾಡಿ ಓಡಿಸುತ್ತಾ ಪರೀಕ್ಷೆ ಮಾಡುವುದು ಬೇಡವೇ ಬೇಡ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನೇ ಸುಟ್ಟುಹಾಕುತ್ತದೆ.

ಸೆನ್ಸರ್ ನಿಜವಾಗಿಯೂ ಹೋದದ್ದನ್ನೂ ಇದೇ ಗಾಡಿಯಲ್ಲಿ ನೋಡಿದ್ದೇನೆ. ತುಂಬಾ ದಿನ ಕಳೆದ ಮೇಲೆ ಪಿ0135 ಬಂತು. ಇದು ಮುಂದಿನ ಸೆನ್ಸರ್‌ನ ಹೀಟರ್ ಸರ್ಕ್ಯೂಟ್ ಬಗ್ಗೆ. ಸೆನ್ಸರ್ 300 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಕಾದರೇ ಸರಿಯಾಗಿ ಮಾತಾಡುವುದು, ಅದಕ್ಕೇ ಒಳಗೊಂದು ಹೀಟರ್ ಇಟ್ಟಿರುತ್ತಾರೆ. ಇಲ್ಲೂ ಕೋಡ್ ಹೇಳಿದ್ದು 'ಸರ್ಕ್ಯೂಟ್' ಅಂತ. ಅದರಲ್ಲಿ ಫ್ಯೂಸ್, ವೈರ್, ಕನೆಕ್ಟರ್ ಎಲ್ಲ ಬಂತು. ಫ್ಯೂಸ್ ಸರಿಯಿತ್ತು. ವೈರ್ ಎಕ್ಸಾಸ್ಟ್‌ಗೆ ತಾಗಿ ಸುಟ್ಟಿರಲಿಲ್ಲ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಗಾಡಿ ಕಡೆಯ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡಿದಾಗ ದೀಪ ಚೆನ್ನಾಗಿ ಹತ್ತಿತು, ಅಂದರೆ ಕರೆಂಟ್ ಬರುತ್ತಿದೆ. ಸೆನ್ಸರ್ ಕಡೆ ನಾಲ್ಕು ವೈರ್, ಅದರಲ್ಲಿ ಒಂದೇ ಬಣ್ಣದ ಎರಡು ಹೀಟರಿನವು. ಮಲ್ಟಿಮೀಟರ್‌ನಲ್ಲಿ ಅವೆರಡರ ನಡುವೆ ಕೆಲವೇ ಓಮ್ ಬರಬೇಕಿತ್ತು. ಏನೂ ಬರಲಿಲ್ಲ, ಹೀಟರ್ ತಂತಿ ಒಳಗೇ ತುಂಡಾಗಿತ್ತು. ಈಗ ಹೊಸ ಸೆನ್ಸರ್ ತರಲು ಮನಸ್ಸಿಗೆ ಅಡ್ಡಿಯೇ ಇರಲಿಲ್ಲ.

ಹಳೆಯದನ್ನು ಬಿಚ್ಚುವುದು ಕಷ್ಟದ ಕೆಲಸ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟೆ. ವೈರ್ ಹಾಯಲು ಸೀಳು ಇರುವ 22 ಎಂಎಂ ಸಾಕೆಟ್ ಬೇಕು. ಎಂಜಿನ್ ಸ್ವಲ್ಪ ಬೆಚ್ಚಗಿದ್ದರೆ ಸಲೀಸು, ಆದರೆ ದಪ್ಪ ಗ್ಲೌಸ್ ಇಲ್ಲದೆ ಕೈ ಹಾಕಬೇಡಿ. ಹೊಸದರ ತಿರುಪಿನ ಥ್ರೆಡ್‌ಗೆ ಅದು ಕಚ್ಚಿ ಹಿಡಿಯದಂತೆ ಕಂಪನಿಯವರೇ ಪೇಸ್ಟ್ ಹಚ್ಚಿ ಕೊಟ್ಟಿದ್ದರು, ಮೇಲೆ ಇನ್ನಷ್ಟು ಬಳಿಯಲಿಲ್ಲ. ಆ ಪೇಸ್ಟ್ ತುದಿಗೆ ತಾಗಬಾರದು. ಕನೆಕ್ಟರ್ ಒಳಗೆ ಗ್ರೀಸ್, ಸ್ಪ್ರೇ ಏನೂ ಹಾಕಬೇಡಿ. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಆ ವೈರ್‌ಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಸಿಲಿಕೋನ್ ಸೀಲಂಟ್‌ನ ಆವಿಯೂ ಸೆನ್ಸರ್‌ಗೆ ವಿಷ.

ಹಿಂದಿನ ಸೆನ್ಸರ್ ಬಗ್ಗೆ ಒಂದು ಮಾತು. ಅದು ಕನ್ವರ್ಟರ್ ಕೆಲಸ ಮಾಡುತ್ತಿದೆಯೇ ಅಂತ ನೋಡುವ ಕಾವಲುಗಾರ, ಅದರ ವೋಲ್ಟೇಜ್ 0.6, 0.7ರ ಸುತ್ತ ಹೆಚ್ಚುಕಡಿಮೆ ಸ್ಥಿರವಾಗಿದ್ದರೇ ಒಳ್ಳೆಯದು. ಓಡಾಡುತ್ತಿಲ್ಲ ಅಂತ ಅದನ್ನು ಕಿತ್ತು ಎಸೆಯುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ.

ರಿಪೇರಿ ಆದ ಮೇಲೆ ಎರಡು ಸಲವೂ ಕೋಡ್ ಅಳಿಸಿದೆ, ಆದರೆ ಅಲ್ಲಿಗೆ ಬಿಡಲಿಲ್ಲ. ಅಳಿಸಿದಾಗ ಕಂಪ್ಯೂಟರ್ ತಾನು ಮಾಡಿಕೊಂಡಿದ್ದ ಸ್ವಯಂ ಪರೀಕ್ಷೆಗಳನ್ನೂ ಮರೆತುಬಿಡುತ್ತದೆ. ಸ್ಕ್ಯಾನರ್‌ನಲ್ಲಿ ರೆಡಿನೆಸ್ ಮಾನಿಟರ್ ಅಂತ ತೋರಿಸುವುದು ಅದನ್ನೇ. ಹೊಗೆ ತಪಾಸಣೆಯಲ್ಲಿ ಮಾನಿಟರ್ ನೋಡುವ ಕಡೆಗಳಲ್ಲಿ ಇವು ಪೂರ್ತಿಯಾಗದಿದ್ದರೆ ಗಾಡಿ ಪಾಸಾಗದೇ ಹೋಗಬಹುದು. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಐಡ್ಲಿಂಗ್‌ನಲ್ಲಿ ಬಿಟ್ಟು, ಊರೊಳಗೂ ಹೈವೇಯಲ್ಲೂ ಒಂದೇ ವೇಗದಲ್ಲಿ ಓಡಿಸಿ, ಮತ್ತೆ ಅಡಾಪ್ಟರ್ ಚುಚ್ಚಿದೆ. ಆಕ್ಸಿಜನ್ ಸೆನ್ಸರ್ ಮತ್ತು ಅದರ ಹೀಟರ್ ಮಾನಿಟರ್ ಎರಡೂ ಪೂರ್ತಿಯಾಗಿದ್ದವು. ಪೆಂಡಿಂಗ್ ಪಟ್ಟಿ ಖಾಲಿ ಇತ್ತು. ಇದನ್ನು ನೋಡಲೇಬೇಕು, ಯಾಕಂದರೆ ಎಷ್ಟೋ ದೋಷಗಳಿಗೆ ಎರಡು ಓಡಾಟದಲ್ಲಿ ಸತತವಾಗಿ ಕಂಡರೆ ಮಾತ್ರ ದೀಪ ಹತ್ತುತ್ತದೆ. ಮೊದಲ ಓಡಾಟದಲ್ಲಿ ಕಂಡದ್ದು ಪೆಂಡಿಂಗ್‌ನಲ್ಲಿ ಸದ್ದಿಲ್ಲದೆ ಕೂತಿರುತ್ತದೆ.